ದೋಣಿ ಎಂಜಿನ್ನಿನ ಇಂಜೆಕ್ಟರ್: ಪರೀಕ್ಷೆಯ ಇತಿಹಾಸ

ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ನನ್ನು ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮಾರಾಟಕ್ಕೆ ತಂದ ಬಳಿಕ, ದಶಕಗಳ ಕಾಲ ಈ ಬಗೆಯ ಎಂಜಿನ್‌ಗಳಲ್ಲಿ ಬಹುಪಾಲು ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿಕೊಡುವ ಕಾರ್ಬ್ಯುರೇಟರನ್ನೇ ನೆಚ್ಚಿಕೊಂಡಿದ್ದವು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳನುಗ್ಗುವಾಗ ಹೊಗೆಯ ದ್ವಾರವೂ ತೆರೆದೇ ಇರುವುದರಿಂದ, ಇಂಧನದ ಸುಮಾರು ಕಾಲುಭಾಗ ಉರಿಯದೆಯೇ ನೀರು ಸೇರುತ್ತಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಇದಕ್ಕೆ ಕಡಿವಾಣ ಹಾಕುವ ನಿಯಮ ರೂಪಿಸಿದಾಗ, ಹೊಗೆಯ ದ್ವಾರ ಮುಚ್ಚುವ ಹೊತ್ತಿಗೆ ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಮಾರ್ಗವನ್ನು ತಯಾರಕರು ಹಿಡಿದರು.

ಮರ್ಕ್ಯುರಿ ಕಂಪನಿ ಆಸ್ಟ್ರೇಲಿಯದ ಆರ್ಬಿಟಲ್ ಸಂಸ್ಥೆಯ ತಂತ್ರದಿಂದ ಒತ್ತಿದ ಗಾಳಿಯ ನೆರವು ಪಡೆಯಿತು; ಎವಿನ್‌ರೂಡ್ ಎಂಜಿನ್‌ಗಳಿಗೆ ಜರ್ಮನಿಯ ಫಿಖ್ಟ್ ವಿಧಾನ ಬಂತು; ಯಮಾಹ ಬೆಲ್ಟಿನಿಂದ ತಿರುಗುವ ಪಂಪಿನ ಮೂಲಕ ಇಂಧನವನ್ನು ಸುಮಾರು 50 ಬಾರ್ ಒತ್ತಡಕ್ಕೆ, ಅಂದರೆ ವಾತಾವರಣದ ಒತ್ತಡದ ಐವತ್ತು ಪಟ್ಟಿಗೆ, ಏರಿಸಿತು.

ಪರೀಕ್ಷೆಯ ಸ್ವರೂಪ ಬದಲಾದದ್ದು ಇಲ್ಲಿಯೇ. ಅದುವರೆಗಿನ, ಇಂಧನ ಚಿಮ್ಮಿಸುವ ಸಾಮಾನ್ಯ ಇಂಜೆಕ್ಟರುಗಳು ಮೂರು ಬಾರ್ ಆಸುಪಾಸಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ, ಅವುಗಳನ್ನು ಪರೀಕ್ಷಾ ಪೀಠಕ್ಕೆ ಜೋಡಿಸಿ, ವಿದ್ಯುತ್ ಮಿಡಿತ ಕೊಟ್ಟು, ಕೆಳಗಿನ ಗಾಜಿನ ಅಳತೆ ಕೊಳವೆಗಳಲ್ಲಿ ದ್ರವ ಒಂದೇ ಮಟ್ಟಕ್ಕೆ ನಿಂತಿತೇ, ಸಿಂಪರಣೆ ಸಮನಾಗಿ ಹರಡಿತೇ, ಮುಚ್ಚಿದ ಮೂತಿಯಿಂದ ಹನಿ ಜಿನುಗಿತೇ ಎಂದು ನೋಡಿದರೆ ಸಾಕಾಗುತ್ತಿತ್ತು. ಹೆಚ್ಚಿನ ಒತ್ತಡದ ಇಂಜೆಕ್ಟರನ್ನು ಅದೇ ಪೀಠಕ್ಕೇರಿಸಿದರೆ ಅದು ಚೊಕ್ಕಟವಾಗಿ ಉತ್ತೀರ್ಣವಾಗಿ, ಎಂಜಿನ್ನಿಗೆ ಮರಳಿದೊಡನೆ ಸೋರುವುದುಂಟು. ಮೂರು ಬಾರ್‌ಗೆ ಬಿಗಿಯಾಗಿ ನಿಲ್ಲುವ, ಮೂತಿಯನ್ನು ಮುಚ್ಚುವ ಸೂಜಿ ಐವತ್ತಕ್ಕೂ ನಿಲ್ಲುತ್ತದೆಂಬ ಭರವಸೆಯಿಲ್ಲ. ಇಂಜೆಕ್ಟರಿನೊಳಗಿನ ವಿದ್ಯುತ್ ಸುರುಳಿಯ ರೋಧವನ್ನು ಮೀಟರಿನಿಂದ ಅಳೆದು ತೃಪ್ತರಾಗುವ ಮೆಕ್ಯಾನಿಕರೂ ಇದ್ದಾರೆ. ಆ ಅಳತೆ ತಂತಿ ತುಂಡಾಗಿಲ್ಲವೆಂದು ಹೇಳೀತೇ ಹೊರತು ಸೂಜಿಯ ಸ್ಥಿತಿಯನ್ನು ಹೇಳದು. ಸೋರಿದರೆ ಸ್ಪಾರ್ಕ್ ಪ್ಲಗ್ ತೊಯ್ಯುತ್ತದೆ. ಕಟ್ಟಿಕೊಂಡು ಇಂಧನ ಕಡಿಮೆಯಾದರೆ ಕಾವೇರಿ ಪಿಸ್ಟನ್ನೇ ಕರಗಬಹುದಾದ್ದರಿಂದ, ಎರಡನೆಯದೇ ಹೆಚ್ಚು ದುಬಾರಿ.

2003ರಲ್ಲಿ ಬಂದ ಎವಿನ್‌ರೂಡ್ ಇ-ಟೆಕ್ ಎಂಜಿನ್ ಪರೀಕ್ಷೆಯ ಕೆಲಸವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಕಾರ್ಖಾನೆಯಲ್ಲಿ ಪ್ರತಿ ಇಂಜೆಕ್ಟರಿನ ಹರಿವನ್ನೂ ಬೇರೆ ಬೇರೆಯಾಗಿ ಅಳೆದು, ಆ ಅಂಕಿಗಳನ್ನು ಎಂಜಿನ್ನಿನ ನಿಯಂತ್ರಣ ಗಣಕಕ್ಕೆ ತುಂಬುತ್ತಿದ್ದುದರಿಂದ, ಒಂದನ್ನು ತೆಗೆದು ಇನ್ನೊಂದನ್ನು ಹಾಕುವಾಗ ಹೊಸದರ ಅಂಕಿಗಳನ್ನೂ ತುಂಬಲೇಬೇಕು. ಎವಿನ್‌ರೂಡ್ ತಯಾರಿಕೆ 2020ರಲ್ಲಿ ನಿಂತಿತಾದರೂ ಆ ಎಂಜಿನ್‌ಗಳು ಇನ್ನೂ ನೀರಿನಲ್ಲಿವೆ. ಅಂಥ ಎಂಜಿನ್ನಿನ ಇಂಜೆಕ್ಟರನ್ನು ಪರೀಕ್ಷೆಗೆ ಕೊಡುವವರು ಯಾವ ಒತ್ತಡದಲ್ಲಿ ಪರೀಕ್ಷಿಸಲಾಯಿತೆಂಬುದನ್ನು ಕೇಳಿ ಬರೆಸಿಕೊಳ್ಳುವುದು ಒಳಿತು. ಒತ್ತಡವನ್ನು ನಮೂದಿಸದ ವರದಿಯನ್ನು ನಂಬಲಾಗದು.