ಕಷ್ಟಕಾಲದ ಸುಧಾರಣೆಯೂ ನಮ್ಮ ಎಂಟು ತಾಸೂ

(ನೆರೂಳದಲ್ಲಿ ಕನ್ನಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ದಿನವಿಡೀ ನಿಂತು ದುಡಿದು ಬಂದವರು ನೀವು. ಉದ್ದ ಭಾಷಣ ಕೇಳುವ ತ್ರಾಣ ಯಾರಿಗೂ ಉಳಿದಿಲ್ಲವೆಂದು ಬಲ್ಲೆವು. ನಾವೂ ಟೇಬಲು ಒರಸಿ, ಕಪ್ಪುಬಸಿ ತೊಳೆದೇ ಬಂದವರು. ಆದುದರಿಂದ ಒಂದೇ ಸಂಗತಿ ಹೇಳುತ್ತೇವೆ. ದೇಶದಲ್ಲಿ ವ್ಯಾಪಾರ ಕುಸಿದಾಗ 'ಸುಧಾರಣೆ' ಎಂಬ ಹೆಸರಿನಲ್ಲಿ ಕೈ ಬೀಳುವುದು ನಮ್ಮ ಕೆಲಸದ ತಾಸುಗಳ ಮೇಲೆ. ಆ ಕೈಯನ್ನು ತಡೆಯಬಹುದು, ತಡೆದದ್ದೂ ಉಂಟು.

ಈ ತಾಸುಗಳು ಯಾರೂ ದಾನ ಕೊಟ್ಟವಲ್ಲ. 1922ರ ಕಾಯಿದೆಯಲ್ಲಿ ಕಾರಖಾನೆಯವರಿಗೆ ವಾರಕ್ಕೆ 60 ತಾಸು ದುಡಿತ. 1934 ಬಂತು. ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ಮುಳುಗಿತ್ತು. ಮುಂಬಯಿಯ ಗಿರಣಿಗಳಲ್ಲಿ ಪಗಾರ ಕಡಿದರು; ಏಪ್ರಿಲಿನಲ್ಲಿ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಅಂಥ ವರ್ಷದಲ್ಲಿಯೂ ಪರದೇಶಿ ಸರಕಾರದ ಕಾಯಿದೆ 60 ತಾಸನ್ನು 54ಕ್ಕೆ ಇಳಿಸಿತು. ಡಾ. ಅಂಬೇಡಕರರು ವೈಸರಾಯರ ಮಂಡಲದಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಅದು 48 ಆಯಿತು. ಸ್ವತಂತ್ರ ಭಾರತದ 1948ರ ಕಾರಖಾನೆ ಕಾಯಿದೆಯೂ ಅದನ್ನೇ ಉಳಿಸಿಕೊಂಡಿತು.

ಇನ್ನು 2020ಕ್ಕೆ ಬನ್ನಿ. ಕೊರೋನಾ ಬಂತು, ಹೋಟೆಲುಗಳಿಗೆ ಬೀಗ ಬಿತ್ತು. ಏಪ್ರಿಲಿನಿಂದ ಜೂನಿನವರೆಗೆ ದೇಶದ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿಯಿತು. ಆಗ ರಾಜ್ಯ ಸರಕಾರಗಳು ಮಾಡಿದ್ದೇನು? ನಮ್ಮ ಕರ್ನಾಟಕ ಸರಕಾರ ಮೇ 22ರಂದು, ಕಾರಖಾನೆಗಳಲ್ಲಿ ದಿನಕ್ಕೆ 10, ವಾರಕ್ಕೆ 60 ತಾಸು ದುಡಿಸಬಹುದೆಂದು ಆಜ್ಞೆ ಹೊರಡಿಸಿತು. ಅಂದರೆ 1922ಕ್ಕೆ ಮರಳಿದಂತಾಯಿತು! ಗುಜರಾತ ಇನ್ನೂ ಮುಂದೆ ಹೋಗಿ 12 ತಾಸು ಎಂದಿತು. ಹೆಚ್ಚಿನ ತಾಸಿಗೆ ಇಮ್ಮಡಿ ಕೂಲಿಯೂ ಬೇಡವೆಂದಿತು. ಇದು ಒಂದೇ ಪಕ್ಷದ ಕೆಲಸವಲ್ಲ. ಕಾಂಗ್ರೆಸ್ಸಿನ ರಾಜಸ್ಥಾನವೂ 12 ತಾಸಿನ ಆಜ್ಞೆ ಹೊರಡಿಸಿತ್ತು.

'ಹೀಗೆ ಮಾಡಿದರೆ ಬಂಡವಾಳ ಬರುತ್ತದೆ, ಉದ್ಯೋಗ ಹುಟ್ಟುತ್ತದೆ' ಎಂಬುದು ಅವರ ವಾದ. ನಾವು ಹೆಚ್ಚು ಓದಿದವರಲ್ಲ, ಆದರೆ ಕೂಡಿಸಿ ಕಳೆಯಲು ಬರುತ್ತದೆ. ಮೂವರು ಎಂಟೆಂಟು ತಾಸು ಮಾಡುವ ಕೆಲಸವನ್ನು ಇಬ್ಬರು ಹನ್ನೆರಡು ಹನ್ನೆರಡು ತಾಸು ದುಡಿದು ಮುಗಿಸಿಬಿಡುತ್ತಾರೆ. ಮೂರನೆಯವನು ಊರಿನ ಬಸ್ಸು ಹತ್ತಬೇಕು. ಗಿರಾಕಿಯ ಕಿಸೆಯಲ್ಲಿ ದುಡ್ಡಿಲ್ಲದೆ ಕುಸಿದ ವ್ಯಾಪಾರ, ಕೆಲಸಗಾರನ ಕಿಸೆಯನ್ನೂ ಬರಿದು ಮಾಡಿದರೆ ಏಳುವುದು ಹೇಗೆ?

ವಿರೋಧ ಎದ್ದಿತು. ಕೇಂದ್ರದಲ್ಲಿ ಆಳುವ ಪಕ್ಷಕ್ಕೆ ಹತ್ತಿರದ ಭಾರತೀಯ ಮಜ್ದೂರ್ ಸಂಘವೂ ಸುಮ್ಮನಿರಲಿಲ್ಲ. ಕರ್ನಾಟಕದ ಆಜ್ಞೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಜೂನ್ 11ರಂದು, ಮೂರು ವಾರ ತುಂಬುವ ಮೊದಲೇ, ಸರಕಾರ ಅದನ್ನು ಹಿಂತೆಗೆದುಕೊಂಡಿತು. ಗುಜರಾತದ ಆಜ್ಞೆಯನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು.

ದಿಲ್ಲಿಯಲ್ಲಿ ಆದದ್ದು ಬೇರೆ. ಅದೇ ಸಪ್ಟೆಂಬರಿನಲ್ಲಿ ವಿರೋಧ ಪಕ್ಷಗಳು ಬಹಿಷ್ಕರಿಸಿ ಹೊರಗಿದ್ದಾಗ ಮೂರು ಕಾರ್ಮಿಕ ಸಂಹಿತೆಗಳು ಪಾರ್ಲಿಮೆಂಟಿನಲ್ಲಿ ಪಾಸಾದವು. ನವೆಂಬರ್ 26ರಂದು ದೇಶವ್ಯಾಪಿ ಮುಷ್ಕರವಾಯಿತು. ಸಂಹಿತೆಗಳು ಜಾರಿಗೆ ಬರಲು ಐದು ವರ್ಷ ಹಿಡಿಯಿತು. 2025ರ ನವೆಂಬರ್ 21ರಂದು ಬಂದವು. ಜನರನ್ನು ಕೆಲಸದಿಂದ ತೆಗೆಯಲು 100 ಮಂದಿಯ ಕಾರಖಾನೆಗೂ ಸರಕಾರದ ಅಪ್ಪಣೆ ಬೇಕಿತ್ತು. ಆ ಗೆರೆ ಈಗ 300ಕ್ಕೆ ಏರಿದೆ. ಆದರೆ ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕ ಪತ್ರ ಕೊಡಬೇಕೆಂಬ ಮಾತೂ ಅದರಲ್ಲಿದೆ. ಕೆಟ್ಟದ್ದನ್ನು ವಿರೋಧಿಸೋಣ, ಒಳ್ಳೆಯದನ್ನು ಕೇಳಿ ಪಡೆಯೋಣ.

ನಮ್ಮ ಈ ಮಹಾರಾಷ್ಟ್ರದಲ್ಲಿ 2025ರ ಸಪ್ಟೆಂಬರಿನಲ್ಲಿ ಮಂತ್ರಿಮಂಡಲ, ಕಾರಖಾನೆಗೆ ದಿನಕ್ಕೆ 12 ತಾಸು, 20 ಮತ್ತು ಹೆಚ್ಚು ಜನರಿರುವ ಅಂಗಡಿ ಹೋಟೆಲುಗಳಿಗೆ 9ರ ಬದಲು 10 ತಾಸು ಎಂಬುದಕ್ಕೆ ಒಪ್ಪಿಗೆ ಕೊಟ್ಟಿತು. ಹೆಚ್ಚಿನ ದುಡಿತಕ್ಕೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕಂತೆ. ಬಂಧುಗಳೇ, ಧಣಿ ಕೊಟ್ಟ ಖೋಲಿಯಲ್ಲಿ ಮಲಗಿ, ಧಣಿಯ ಅನ್ನ ಉಣ್ಣುವ ಹುಡುಗ ಒಲ್ಲೆನೆಂದು ಬರೆದುಕೊಟ್ಟಾನೆಯೇ? ಧಣಿಯೂ ನಮ್ಮ ಊರಿನವರೇ, ಮನೆಯವರಿಗೆ ಗುರುತಿನವರೇ. ಬಾಡಿಗೆ, ಗ್ಯಾಸಿನ ಭಾರ ಅವರಿಗೂ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಅವರ ನಷ್ಟವನ್ನು ನಮ್ಮ ನಿದ್ದೆಯಿಂದ ತುಂಬಲಾಗದು.

ಆದುದರಿಂದ ಮೂರು ಕೆಲಸ ಮಾಡಿ. ಒಂದು, ಕೆಲಸಕ್ಕೆ ಹತ್ತಿದ ಮತ್ತು ಬಿಟ್ಟ ಹೊತ್ತನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು, ನೇಮಕ ಪತ್ರ ಕೇಳಿ. ಮೂರು, ಒಪ್ಪಿಗೆಯ ಕಾಗದಕ್ಕೆ ಒಬ್ಬಂಟಿಯಾಗಿ ಸಹಿ ಹಾಕಬೇಡಿ. ಅದನ್ನು ಸಂಘಕ್ಕೆ ತನ್ನಿ, ಕೂಡಿ ಓದೋಣ, ಕೂಡಿ ಉತ್ತರ ಕೊಡೋಣ. ಕರ್ನಾಟಕದ ಆಜ್ಞೆ ಬಿದ್ದದ್ದು ಯಾರೋ ಕಾಗದ ಹಿಡಿದು ಕೋರ್ಟಿನ ಮೆಟ್ಟಲು ಹತ್ತಿದ್ದರಿಂದ.