ಕೆಂಪು ನದಿಯ ನಿವಾಸಿಗಳು



ಇಲ್ಲಿ ಮಲೆನಾಡಿನ ಕಡೆಯವರು ಯಾರಾದರೂ ಇದ್ದರೆ ಅವರಿಗೆ ಮೈಲುತುತ್ತದ ಪರಿಚಯ ಹೇಳಬೇಕಾಗಿಲ್ಲ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮಳೆಗಾಲದಲ್ಲಿ ಅದನ್ನು ಸುಣ್ಣದ ನೀರಿನೊಂದಿಗೆ ಬೆರೆಸಿ ಗೊನೆಗಳಿಗೆ ಹೊಡೆಯುತ್ತಾರೆ. ಮೈಲುತುತ್ತವೆಂದರೆ ತಾಮ್ರದ ಲವಣ. ತಾಮ್ರ ಸೂಕ್ಷ್ಮಜೀವಿಗಳಿಗೆ ವಿಷ. ಹಾಗಾದರೆ ತಾಮ್ರದ ಗಣಿಯಿಂದ ಹರಿದುಬರುವ ನೀರಿನಲ್ಲಿ ಏನೂ ಬದುಕಿರಬಾರದಲ್ಲವೆ?

ಸ್ಪೇನ್ ದೇಶದ ವೆಲ್ವಾ ಪ್ರಾಂತದಲ್ಲಿ ರಿಯೊ ತಿಂತೊ ಎಂಬ ನದಿಯಿದೆ. ಸುಮಾರು 100 ಕಿ.ಮೀ. ಉದ್ದ, ನೀರು ರಕ್ತದಂತೆ ಕೆಂಪು, ನಿಂಬೆರಸದಷ್ಟು ಹುಳಿ. ತಾಮ್ರ, ಸತು, ಆರ್ಸೆನಿಕ್ ಎಲ್ಲ ಅದರಲ್ಲಿ ಕರಗಿವೆ. ರೋಮನ್ನರು ಅಲ್ಲಿ ಬೆಳ್ಳಿ, ತಾಮ್ರ ತೆಗೆದರು. 1873ರಲ್ಲಿ ಬ್ರಿಟಿಷ್ ಬಂಡವಾಳದ ಕಂಪನಿಯೊಂದು ಗಣಿಯನ್ನು ಕೊಂಡಿತು. ಅದಿರನ್ನು ಬಯಲಿನಲ್ಲಿ ರಾಶಿ ಹಾಕಿ ಸುಡುತ್ತಿದ್ದುದರಿಂದ ಗಂಧಕದ ಹೊಗೆ ಊರೂರನ್ನೇ ಮುಸುಕಿತು. 1888ರ ಫೆಬ್ರವರಿ 4ರಂದು ಅದನ್ನು ಪ್ರತಿಭಟಿಸಿದ ಕಾರ್ಮಿಕರು ಮತ್ತು ರೈತರ ಮೇಲೆ ಸೈನ್ಯ ಗುಂಡು ಹಾರಿಸಿತು. ಸತ್ತವರ ಸಂಖ್ಯೆಯ ಬಗ್ಗೆ ಇಂದಿಗೂ ಒಮ್ಮತವಿಲ್ಲ.

ನದಿ ಕೆಂಪಾದದ್ದು ಗಣಿಯಿಂದಲೇ ಎಂದು ಬಹುಕಾಲ ನಂಬಲಾಗಿತ್ತು. ದಡದ ಕಬ್ಬಿಣದ ಪದರಗಳನ್ನು ಪರೀಕ್ಷಿಸಿದಾಗ ಕೆಲವು 20 ಲಕ್ಷ ವರ್ಷ ಹಳೆಯವೆಂದು ತಿಳಿಯಿತು. ಮನುಷ್ಯ ಗುದ್ದಲಿ ಹಿಡಿಯುವ ಮೊದಲೇ ಅಲ್ಲಿ ಬೇರೆ ಯಾರೋ ಗಣಿ ಕೆಲಸ ನಡೆಸಿದ್ದರು!

ಆ ಕೆಲಸಗಾರರಲ್ಲಿ ಮುಖ್ಯವಾದದ್ದು ಅಸಿಡಿಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್. (ಹೆಸರು ಉದ್ದವಾಯಿತು, ಕ್ಷಮಿಸಿ.) ಇಂಥ ಬ್ಯಾಕ್ಟೀರಿಯಗಳ ಕೈವಾಡವನ್ನು 1947ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಗಳ ಹುಳಿ ನೀರಿನಲ್ಲಿ ಕೋಲ್ಮರ್ ಮತ್ತು ಹಿಂಕಲ್ ತೋರಿಸಿಕೊಟ್ಟರು. ಕಬ್ಬಿಣ, ಗಂಧಕಗಳೇ ಇದರ ಅನ್ನ. ಅದಿರಿನ ಕಬ್ಬಿಣ ಇದರ ಬಾಯಿಗೆ ಬಿದ್ದು ಇನ್ನಷ್ಟು ಅದಿರನ್ನು ಕರಗಿಸುವ ರೂಪ ತಾಳುತ್ತದೆ, ಗಂಧಕ ಆಮ್ಲವಾಗುತ್ತದೆ. ಅಂದರೆ ತಾನು ಬದುಕುವ ವಿಷವನ್ನು ಬಹುಪಾಲು ತಾನೇ ತಯಾರಿಸಿಕೊಳ್ಳುವ ಜೀವಿಯಿದು.

ಹಾಗಿದ್ದೂ ಸಾಯುವುದಿಲ್ಲವೇಕೆ? ಹೊರಗೆ ಎಷ್ಟೇ ಹುಳಿಯಿರಲಿ, ಅದರ ಒಡಲೊಳಗೆ ಹೆಚ್ಚುಕಡಿಮೆ ನಮ್ಮ ಕುಡಿಯುವ ನೀರಿನ ಹದವೇ ಇರುತ್ತದೆ. ಪೊರೆಯ ಒಳಬದಿ ಧನ ವಿದ್ಯುದಂಶ ತಳೆದು, ಅದೇ ಜಾತಿಯ ವಿದ್ಯುದಂಶವುಳ್ಳ ಲೋಹದ ಅಯಾನುಗಳನ್ನು ಬಾಗಿಲಲ್ಲೇ ದೂಡುತ್ತದೆ. ಹೇಗೋ ನುಗ್ಗಿದ ತಾಮ್ರವನ್ನು ಪೊರೆಯಲ್ಲಿನ ಪಂಪುಗಳು ಹೊರಗೆ ಎತ್ತಿ ಹಾಕುತ್ತವೆ, ದೋಣಿಯಲ್ಲಿ ಕುಳಿತವನು ತಳ ಸೇರಿದ ನೀರನ್ನು ಮೊಗೆದು ಚೆಲ್ಲುವ ಹಾಗೆ. ಫಾಸ್ಫೇಟಿನ ಉದ್ದನೆಯ ಸರಪಣಿಗಳು ಇನ್ನಷ್ಟು ಲೋಹವನ್ನು ಕಟ್ಟಿಹಾಕುತ್ತವೆ. ಪಾದರಸದ ವಿಷಯದಲ್ಲಂತೂ ಕೆಲವು ತಳಿಗಳ ಉಪಾಯ ನನಗೆ ಬಹಳ ಹಿಡಿಸಿತು: ಅದನ್ನು ಆವಿಯಾಗುವ ರೂಪಕ್ಕೆ ತಿರುಗಿಸಿ ಗಾಳಿಗೆ ಬಿಟ್ಟುಬಿಡುವುದು!

ಈ ಗುಣ ನಮಗೆ ಉಪಕಾರಿಯೂ ಹೌದು. ಬಡ ಅದಿರಿನಿಂದ ತಾಮ್ರ ತೆಗೆಯಲು ಇವನ್ನು ದುಡಿಸಿಕೊಳ್ಳುತ್ತಾರೆ. ಗಂಧಕದ ಖನಿಜದೊಳಗೆ ಸಿಕ್ಕಿಬಿದ್ದ ಚಿನ್ನವನ್ನು ಇವುಗಳಿಂದ ಬಿಡಿಸುವ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎ. ನಟರಾಜನ್ ದಶಕಗಳ ಕಾಲ ಸಂಶೋಧನೆ ನಡೆಸಿದರು.

ಆದರೆ ಈ ಕೂಲಿಯಾಳುಗಳಿಗೆ ರಜೆಯೆಂಬುದಿಲ್ಲ. ಅದಿರು, ಗಾಳಿ, ನೀರು ಇರುವತನಕ ದುಡಿಯುತ್ತಲೇ ಇರುತ್ತವೆ. ಕೆಳಗಿನ ಹೊಳೆಯ ಮೀನಿಗೆ, ದಡದ ಊರಿಗೆ ಅದೇ ಅಪಾಯ. ಕ್ಯಾಲಿಫೋರ್ನಿಯದ ಐರನ್ ಮೌಂಟನ್‌ನಲ್ಲಿ ಗಣಿಗಾರಿಕೆ ನಿಂತದ್ದು 1963ರಲ್ಲಿ. ಆ ಬೆಟ್ಟದಿಂದ ಒಸರುವ ನೀರನ್ನು ಸ್ಯಾಕ್ರಮೆಂಟೊ ನದಿಗೆ ಸೇರುವ ಮುನ್ನ ತಡೆದು ಇಂದಿಗೂ ಸುಣ್ಣ ಬೆರೆಸುತ್ತಿದ್ದಾರೆ.