ಎಂಜಿನಿಯರಿಂಗ್ ಪದವಿ: ಪಠ್ಯಕ್ರಮ ಯಾರದು, ಪರೀಕ್ಷೆ ಯಾರದು?

ಎಂಜಿನಿಯರಿಂಗ್ ಪದವಿಗೆ ಬಿ.ಇ., ಬಿ.ಟೆಕ್. ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಎರಡೂ ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳ ಓದು. ನೌಕರಿಗಾಗಲಿ ಮುಂದಿನ ವ್ಯಾಸಂಗಕ್ಕಾಗಲಿ ಎರಡಕ್ಕೂ ಒಂದೇ ಬೆಲೆ. ನಿಜವಾದ ವ್ಯತ್ಯಾಸ ಇರುವುದು ಬೇರೆ ಕಡೆ. ಪಠ್ಯಕ್ರಮ ರೂಪಿಸುವವರು ಯಾರು, ಪ್ರಶ್ನೆಪತ್ರಿಕೆ ತೆಗೆಯುವವರು ಯಾರು, ಉತ್ತರಪತ್ರಿಕೆ ತಿದ್ದುವವರು ಯಾರು? ಸೀಟು ಆರಿಸಿಕೊಳ್ಳುವ ಗಡಿಬಿಡಿಯಲ್ಲಿ ಶುಲ್ಕವನ್ನೂ ಹಾಸ್ಟೆಲನ್ನೂ ಎಲ್ಲರೂ ವಿಚಾರಿಸುತ್ತಾರೆ. ಈ ಮೂರನ್ನು ಕೇಳುವವರು ಕಡಿಮೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳು ಹಿಂದೆ ಮೈಸೂರು, ಬೆಂಗಳೂರು, ಕರ್ನಾಟಕ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದವು. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಆರಂಭವಾದ ಮೇಲೆ ಅವುಗಳಲ್ಲಿ ಹೆಚ್ಚಿನವು ಒಂದೇ ಛಾವಣಿಯಡಿ ಬಂದವು. ಸಂಯೋಜಿತ ಕಾಲೇಜು ಬೀದರಿನಲ್ಲಿರಲಿ, ಚಾಮರಾಜನಗರದಲ್ಲಿರಲಿ, ಪಾಠವೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಸಾಮಾನ್ಯವಾಗಿ ಒಂದು ವಿಷಯಕ್ಕೆ ಐದು ಮಾಡ್ಯೂಲ್. ಮಾಡ್ಯೂಲಿಗೆ ಎರಡರಂತೆ ಹತ್ತು ಪ್ರಶ್ನೆ. ಪ್ರತಿ ಮಾಡ್ಯೂಲಿನಿಂದ ಒಂದನ್ನು ಆರಿಸಿ ಐದಕ್ಕೆ ಉತ್ತರ ಬರೆಯಬೇಕು. ಒಟ್ಟು ನೂರು ಅಂಕಗಳಲ್ಲಿ 50 ಕಾಲೇಜಿನ ಇಂಟರ್ನಲ್ಸ್‌ನದು, 50 ಸೆಮಿಸ್ಟರ್ ಪರೀಕ್ಷೆಯದು.

ಈ ಏಕರೂಪತೆಯನ್ನು ಹಗುರವಾಗಿ ಕಾಣಬಾರದು. ಸಣ್ಣ ಊರಿನ ಕಾಲೇಜಿನ ಹುಡುಗಿಯನ್ನೂ ಬೆಂಗಳೂರಿನ ಹೆಸರಾಂತ ಕಾಲೇಜಿನ ಹುಡುಗನನ್ನೂ ಇದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪೋರ್ಷನ್ ಮುಗಿಸುವ ಒತ್ತಡದಲ್ಲಿ, ತನಗೆ ಚೆನ್ನಾಗಿ ಗೊತ್ತಿರುವ ಹೊಸ ವಿಷಯವನ್ನು ಹೇಳಿಕೊಡಲು ಮೇಷ್ಟ್ರಿಗೆ ಸಮಯವೇ ಉಳಿಯುವುದಿಲ್ಲ.

ಸ್ವಾಯತ್ತ ಕಾಲೇಜಿನಲ್ಲಿ ಈ ಕಟ್ಟು ಸಡಿಲವಾಗುತ್ತದೆ. ಅಲ್ಲಿ ಕಾಲೇಜಿನದೇ ಅಧ್ಯಯನ ಮಂಡಳಿ ಪಠ್ಯಕ್ರಮ ರೂಪಿಸುತ್ತದೆ, ಪರೀಕ್ಷೆಯನ್ನೂ ಕಾಲೇಜೇ ನಡೆಸುತ್ತದೆ. ಪದವಿಪತ್ರ ಮಾತ್ರ ವಿಶ್ವವಿದ್ಯಾಲಯದ್ದು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ಪದವಿಯನ್ನೂ ತಾವೇ ಕೊಡುತ್ತವೆ. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು ಮೊದಲು ಸಂಯೋಜಿತವಾಗಿದ್ದು, ಬಳಿಕ ಸ್ವಾಯತ್ತವಾಗಿ, 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಮೂರೂ ಬಗೆಗಳನ್ನು ಕಂಡ ಸಂಸ್ಥೆ ಅದು.

1960ರಲ್ಲಿ ಕೆಆರ್‌ಇಸಿ ಎಂದು ಹುಟ್ಟಿ 2002ರಲ್ಲಿ ಎನ್‌ಐಟಿಯಾದ ಸುರತ್ಕಲ್‌ನ ಸಂಸ್ಥೆಯಲ್ಲಿ, 2016ರಲ್ಲಿ ಆರಂಭವಾದ ಧಾರವಾಡದ ಐಐಟಿಯಲ್ಲಿ ಪಾಠ ಮಾಡಿದವರೇ ಪ್ರಶ್ನೆ ಕೇಳುತ್ತಾರೆ, ಅವರೇ ಗ್ರೇಡ್ ಕೊಡುತ್ತಾರೆ. ಅಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರುಹೊಡೆದು ಪಾಸಾಗುವ ದಾರಿ ಕಿರಿದು. ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಆರಂಭಿಸಿದ ಬಿ.ಟೆಕ್. ಕೋರ್ಸಿನ ಹೆಸರೇ ಗಣಿತ ಮತ್ತು ಕಂಪ್ಯೂಟಿಂಗ್. ಒತ್ತು ಎಲ್ಲಿದೆ ಎಂಬುದು ಹೆಸರಿನಲ್ಲೇ ಗೊತ್ತಾಗುತ್ತದೆ.

ಓದಿನ ಒಟ್ಟು ಭಾರದಲ್ಲಿ ಅಷ್ಟೇನೂ ಅಂತರವಿಲ್ಲ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ 2018ರಲ್ಲಿ ಹೊರತಂದ ಮಾದರಿ ಪಠ್ಯಕ್ರಮ ನಾಲ್ಕು ವರ್ಷಕ್ಕೆ 160 ಕ್ರೆಡಿಟ್ ಎಂದಿತು; ವಿಟಿಯುವಿನ 2022ರ ಸ್ಕೀಮಿನಲ್ಲೂ, ಅಂದರೆ ಸೆಮಿಸ್ಟರುವಾರು ವಿಷಯಪಟ್ಟಿಯಲ್ಲೂ, ಅಷ್ಟೇ ಇದೆ. ಆ ಕ್ರೆಡಿಟ್‌ಗಳನ್ನು ಹಂಚುವ ಬಗೆ ಮಾತ್ರ ಬೇರೆ ಬೇರೆ. ವಿಟಿಯು ಸ್ಕೀಮಿನಲ್ಲಿ ಕನ್ನಡಕ್ಕೂ ಒಂದು ಕ್ರೆಡಿಟ್ ಇದೆ: ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಹೊರರಾಜ್ಯದಿಂದ ಬಂದ ಹುಡುಗ ಸರ್ಕ್ಯೂಟ್ ಕಲಿಯುತ್ತಲೇ ಅಂಗಡಿಯಲ್ಲಿ ಬೆಲೆ ಕೇಳಲೂ ಕಲಿಯುತ್ತಾನೆ. ಇದು ನಿಜಕ್ಕೂ ಒಳ್ಳೆಯ ಏರ್ಪಾಡು.

ಸ್ಕೀಮಿನಲ್ಲಿ ವಿಷಯದ ಹೆಸರಿನ ಮುಂದೆ 3:0:2 ಎಂಬಂಥ ಅಂಕಿಗಳಿರುತ್ತವೆ. ವಾರಕ್ಕೆ ಮೂರು ಗಂಟೆ ಪಾಠ, ಟ್ಯುಟೋರಿಯಲ್ ಇಲ್ಲ, ಎರಡು ಗಂಟೆ ಲ್ಯಾಬ್ ಎಂದರ್ಥ. ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆಯ ಲ್ಯಾಬಿಗೆ ಒಂದು; ಹಾಗಾಗಿ ಈ ವಿಷಯಕ್ಕೆ ಒಟ್ಟು ನಾಲ್ಕು. ಎರಡು ಸಂಸ್ಥೆಗಳ ಐದನೇ ಸೆಮಿಸ್ಟರಿನ ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ಲ್ಯಾಬಿನ ಅಂಕಿಗಳನ್ನು ಕೂಡಿದರೆ, ವಿದ್ಯಾರ್ಥಿ ವಾರಕ್ಕೆ ಎಷ್ಟು ಗಂಟೆ ಯಂತ್ರದ ಮುಂದೆ ನಿಲ್ಲುತ್ತಾನೆ ಎಂಬ ಲೆಕ್ಕ ಸಿಗುತ್ತದೆ.